ಉಬ್ಬಿದ ಬ್ಯಾಟರಿ

ಮೊಬೈಲ್ ರಿಪೇರಿ ಅಂಗಡಿಗೂ ಟೈಲರಕ್ಕನ ಅಂಗಡಿಗೂ ನಡುವೆ ಒಂದೇ ಗೋಡೆ. ಅಕ್ಕನ ಹೊಲಿಗೆ ಯಂತ್ರ ಓಡತೊಡಗಿದರೆ ಇತ್ತ ಮೇಜಿನ ಮೇಲಿನ ಪುಟ್ಟ ಸ್ಕ್ರೂಗಳು ನಡುಗುತ್ತಿದ್ದವು. ಸತ್ತ ಫೋನುಗಳಿಗೆ ಜೀವ ಕೊಡುವವನೆಂದು ರಿಪೇರಿಯವನಿಗೆ ಬೀದಿಯೆಲ್ಲ 'ಡಾಕ್ಟ್ರು' ಎಂದು ಹೆಸರಿಟ್ಟಿತ್ತು.

ಒಂದು ಸೋಮವಾರ ಅಕ್ಕ ಫೋನು ತಂದು, ಹಿಂದಿನ ಮುಚ್ಚಳ ಯಾಕೋ ಬಾಯಿ ಬಿಟ್ಟಿದೆ, ನೋಡಿಕೊಡು ಎಂದಳು. ಡಾಕ್ಟ್ರಿಗೆ ನೋಡಿದ ಕೂಡಲೇ ತಿಳಿಯಿತು. ಬ್ಯಾಟರಿ ದಿಂಬಿನ ಹಾಗೆ ಉಬ್ಬಿತ್ತು. ಅದನ್ನು ತೆಗೆಯಲೇಬೇಕು, ಚಾರ್ಜಿಗಂತೂ ಹಾಕಲೇಬಾರದು. ಆದರೆ ಹೊಸದು ಬರಲು ಎರಡು ದಿನ. ಅಂಗಡಿ ಮುಂದೆ ಐದಾರು ಗಿರಾಕಿಗಳು. ಅಕ್ಕನಿಗೋ, ತುಂಬು ಬಸುರಿ ಮಗಳು ಯಾವ ಗಳಿಗೆಯಲ್ಲಿ ಫೋನು ಮಾಡುತ್ತಾಳೋ ಎಂಬ ಆತಂಕ. ಅವನು ಅಂಟು ಸವರಿ, ಹೆಬ್ಬೆರಳಿನಿಂದ ಒತ್ತಿ ಮುಚ್ಚಳ ಕೂರಿಸಿದ.

"ಏನೂ ಆಗಲ್ಲ, ತಗೊಂಡು ಹೋಗಿ ಅಕ್ಕ," ಎಂದುಬಿಟ್ಟ.

ಮರುದಿನ ಮಧ್ಯಾಹ್ನ ಗೋಡೆಯಾಚೆ ಚೀರಾಟ ಕೇಳಿಸಿತು. ಓಡಿಹೋದರೆ ಅಕ್ಕನ ಮೇಜಿನ ಮೇಲೆ ಬಟ್ಟೆಯ ರಾಶಿ ಹೊತ್ತಿ ಉರಿಯುತ್ತಿತ್ತು. ಉರಿಯುವ ಫೋನನ್ನು ಹೊರಗೆಸೆಯಲು ಹೋಗಿ ಅಕ್ಕನ ಬಲಗೈ ಬೆಂದಿತ್ತು. ಅವನು ಸ್ವಿಚ್ಚು ಆರಿಸಿ, ಬಕೆಟ್ಟುಗಟ್ಟಲೆ ನೀರು ಸುರಿದು ಬೆಂಕಿ ನಂದಿಸಿದ. ಬೀದಿಯ ಜನ ಅವನ ಬೆನ್ನು ತಟ್ಟಿದರು.

ಅಕ್ಕನ ಎರಡು ಬೆರಳು ಮಡಚಲು ತಿಂಗಳುಗಳೇ ಬೇಕೆಂದರು ಆಸ್ಪತ್ರೆಯವರು. ಅವನು ನೋಡಲು ಹೋದಾಗ ಅವಳೇ ಸಮಾಧಾನ ಹೇಳಿದಳು. "ತಪ್ಪು ನಂದೇ ಕಣೋ. ಚಾರ್ಜಿಗೆ ಹಾಕಿ ಮೇಲೆ ಬಟ್ಟೆ ಹರಡಿಬಿಟ್ಟಿದ್ದೆ. ಹಾಗೆ ಮಾಡಬೇಡಿ ಅಂತ ನೀನು ಎಷ್ಟು ಸಲ ಹೇಳಿಲ್ಲ?"

ಅವನು ತಲೆ ತಗ್ಗಿಸಿ ಹೂಂಗುಟ್ಟಿದ. ಆ ಒಂದು ಹೂಂ ಅವನನ್ನು ಒಂಬತ್ತು ದಿನ ತಿಂದಿತು. ಪಕ್ಕದ ಯಂತ್ರದ ಸದ್ದಿಲ್ಲದೆ ಅಂಗಡಿಯಲ್ಲಿ ಕೂರಲೂ ಆಗುತ್ತಿರಲಿಲ್ಲ.

ಹತ್ತನೆಯ ದಿನ ಅಕ್ಕನ ಮನೆಗೆ ಹೋದ. ಸುದ್ದಿ ಕೇಳಿ ಬಂದಿದ್ದ ಮಗಳು ತಾಯಿಗೆ ತಲೆ ಬಾಚುತ್ತಿದ್ದಳು.

"ಬ್ಯಾಟರಿ ಉಬ್ಬಿದ್ದನ್ನ ನಾನು ನೋಡಿದ್ದೆ ಅಕ್ಕ. ಗೊತ್ತಿದ್ದೂ ಮುಚ್ಚಿ ಕೊಟ್ಟೆ."

ಬಾಚಣಿಗೆ ನಿಂತಿತು. ಅಕ್ಕ ಅವನತ್ತ ತಿರುಗಿದಳು.

"ಇಷ್ಟು ದಿನ ನನ್ನನ್ನ ನಾನೇ ಬೈಕೊಂಡೆ," ಎಂದಳು. "ನೀನು ಎದುರಿಗೇ ಕೂತು ಕೇಳಿಸ್ಕೊಂಡೆ. ಎದ್ದು ಹೋಗು."

ಅವನು ಹೋದ. ಬೀದಿಯಲ್ಲಿ ಅಕ್ಕನನ್ನು ದೂರಿದವರಿಗೆಲ್ಲ, ತಪ್ಪು ತನ್ನದೆಂದು ಒಬ್ಬೊಬ್ಬರಿಗೇ ಹೇಳಿದ. ಕೆಲವು ಗಿರಾಕಿಗಳು ಮತ್ತೆ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಉಬ್ಬಿದ ಬ್ಯಾಟರಿ ಕಂಡರೆ ಮಾತ್ರ, ಯಾರು ಎಷ್ಟೇ ಅವಸರ ಮಾಡಲಿ, ಅದನ್ನು ಕಳಚಿಡದೆ ಫೋನು ಕೊಡುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಅಕ್ಕ ಬಂದು ಮಗಳ ಫೋನನ್ನು ಅವನ ಮುಂದಿಟ್ಟಳು. ಬಿಸಿಯಾಗುತ್ತದಂತೆ. ಅವನು ನೋಡುತ್ತೇನೆ ಎನ್ನುವಷ್ಟರಲ್ಲಿ ತಡೆದಳು.

"ನನ್ನ ಕಣ್ಣೆದುರಿಗೇ ಬಿಚ್ಚು. ನಾನೂ ನೋಡಬೇಕು."

ಅವನು ದೀಪವನ್ನು ಅವಳ ಕಡೆಗೆ ತಿರುಗಿಸಿ, ಮೊದಲ ಸ್ಕ್ರೂ ಬಿಚ್ಚಿದ.