ಒದ್ದೆ ಅಂಗೈ

ಮಂಜು ಇನ್ನೂ ಎದ್ದಿರಲಿಲ್ಲ, ಝಳಕಿಯ ಹೊಲಗಳ ಮೇಲೆ ಯಾರೋ ಹಿಂಜಿ ಹಾಸಿದ ಅರಳೆಯ ಹಾಗೆ ಬಿದ್ದುಕೊಂಡಿತ್ತು, ಬಿಳಿಜೋಳದ ತೆನೆಗಳ ತುದಿ ಮಾತ್ರ ಕಾಣುತ್ತಿತ್ತು, ಎಪ್ಪತ್ತಾರರ ಸಂಕ್ರಾಂತಿಗೆ ಇನ್ನು ಎರಡೇ ದಿನ, ಹಲ್ಲು ಕಟಕಟ ಅನ್ನಿಸುವ ಚಳಿ — ಟುಂಯ್, ಟುಂಯ್, ಓಣಿಯ ಕೊನೆಗೆ ಪಿಂಜಾರ ಜೈನುದ್ದೀನನ ಹತ್ತಿ ಹಿಂಜುವ ಬಿಲ್ಲು ಆಗಲೇ ಶುರುವಾಗಿದೆ, ನಮ್ಮದೇ ಗಾದಿ ಇರಬೇಕು, ಗುರಲಿಂಗಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಅಂದುಕೊಂಡ, ನಿನ್ನೆ ನಸುಕಿನಲ್ಲಿ ತಾನು ಎದ್ದ ಬಿಸಿ ಆರುವ ಮೊದಲೇ ಅವನು ಬಂದು ಸುತ್ತಿ ಒಯ್ದ, ತಮ್ಮ ರಾಚಪ್ಪ ಇವತ್ತು ಮುದ್ದೇಬಿಹಾಳದಿಂದ ಬರುತ್ತಾನೆ, ಅವನ ಮೈಗೆ ಮೆತ್ತಗಿರಲಿ ಅಂತ — ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು, ಅಲ್ಲಿ ಏನೂ ಇಲ್ಲ, ಕೈ ಇಳಿಯಿತು, ಮತ್ತೆ ಹೋಯಿತು. ನಿನ್ನೆ ಜಳಕಕ್ಕೆ ಅಂಗಿ ಕಳಚಿದಾಗಲೇ ಗೊತ್ತಾದದ್ದು, ಕೊರಳಲ್ಲಿ ಹರಿದ ಶಿವದಾರ ಮಾತ್ರ, ಲಿಂಗ ಕಟ್ಟಿದ ವಸ್ತ್ರದ ಗಂಟು ಇಲ್ಲ, ಬಾವಿಕಟ್ಟೆ ನೋಡಿದ, ಕಣಕಿಯ ಬಣವೆ ನೋಡಿದ, ಬಚ್ಚಲ ಮೋರಿಗೆ ಕೈಹಾಕಿ ನೋಡಿದ, ದಾರ ಜೀರ್ಣಾಗೇತಿ ಬದಲಾ ಮಾಡ್ರಿ ಅಂತ ಹೆಂಡತಿ ಕಸ್ತೂರೆವ್ವ ದೀಪಾವಳಿಯಿಂದ ಹೇಳುತ್ತಲೇ ಇದ್ದಳು, ಹುಟ್ಟಿದ ವಾರದಲ್ಲೇ ಕಟ್ಟಿದ ಲಿಂಗ, ಅಂಗೈಯಲ್ಲಿಟ್ಟು ಪೂಜೆಯಾಗದೆ ಐವತ್ತೆಂಟು ವರ್ಷ ಒಂದು ಗುಟುಕು ನೀರು ಗಂಟಲಿಗೆ ಇಳಿದಿಲ್ಲ, ನಿನ್ನೆಯಿಂದ ನಾಲಗೆ ಒಣಗಿದ ತೊಗಲು. ಯಾಕ್ರಿ ಉಣ್ಣವಲ್ರಿ, ನಿನ್ನೆ ತಾಟು ತಂದಿಟ್ಟ ಕಸ್ತೂರೆವ್ವ ಕೇಳಿದಾಗ ಸುಳ್ಳು ಜಾರಿತು, ತಮ್ಮ ಬರೂತನಾ ಏನೂ ಮುಟ್ಟಂಗಿಲ್ಲ ಅಂತ ಹರಕಿ ಹೊತ್ತೇನಿ, ಅವಳು ಸೆರಗು ಬಾಯಿಗಿಟ್ಟು ನಕ್ಕಳು, ಅಯ್ಯ ಶಿವನ, ತಮ್ಮನ ಮ್ಯಾಲ ಇಷ್ಟು ಜೀವಾ ಇತ್ತೇನ್ರಿ, ಹನ್ನೆರಡು ವರ್ಷ ಯಾವ ಜ್ವಾಳದ ಹಗೇವಿನ್ಯಾಗ ಮುಚ್ಚಿಟ್ಟಿದ್ರಿ.

ಹನ್ನೆರಡು ವರ್ಷ, ಟುಂಯ್, ಟುಂಯ್, ಅವತ್ತು ಭೀಮೆಯ ನಡುಹೊಳೆಯಿಂದ ಈಜಿ ದಂಡೆಗೆ ಬಂದ ರಾಚಪ್ಪ, ಮೈಯಿಂದ ನೀರು ಇಳಿಯುತ್ತಿದೆ, ಎಡ ಅಂಗೈ ಚಾಚಿ ನಿಂತಿದ್ದಾನೆ, ಹೋತು ನೋಡಣ್ಣಾ, ಲಿಂಗ ಹೊಳಿ ಪಾಲಾತು, ಅಣ್ಣ ಈಗಲೇ ಹುಡುಕಿ ಕೊಟ್ಟಾನು ಎನ್ನುವ ಕೂಸಿನ ಮುಖ — ಆ ಒದ್ದೆ ಅಂಗೈಗೆ ತಾನು ಕೊಟ್ಟದ್ದೇನು, ಊರ ಹಿರಿಯರ, ದೈವದವರ ಮುಂದೆ ಒಂದು ಮಾತು, ಲಿಂಗ ಕಳಕೊಂಡಾವ ನಮ್ಮ ಪಂಕ್ತ್ಯಾಗ ಕುಂಡ್ರಂಗಿಲ್ಲ, ತಲಬಾಗಿಲಕ್ಕ ಹೋಗಿ ಕುಂಡ್ರು. ಮೂರನೆಯ ದಿನ ಮಠದ ಅಯ್ಯನವರು ಬೇರೆ ಲಿಂಗ ಕಟ್ಟಿದರು, ಹೊಳ್ಯಾಗೂ ಆ ಶಿವನ ಅದಾನ, ಏಳಪಾ ಎಂದು ಬೆನ್ನು ಸವರಿದರು, ಅಲ್ಲಿಗೆ ಮುಗಿಯಿತು, ಎಲ್ಲಿ ಮುಗಿಯಿತು, ಮಾಸ್ತರನಾಗಿ ಊರು ಬಿಟ್ಟ ಮೇಲೂ ಬಂದಾಗಲೆಲ್ಲ ರಾಚಪ್ಪ ತಾಟು ಹಿಡಿದು ತಾನೇ ತಲಬಾಗಿಲಿಗೆ ಹೋಗುತ್ತಾನೆ, ಒಳಗ ಬಾರೋ ಅಂದರೆ ಇಲ್ಲಿ ಗಾಳಿ ಚಲೋ ಐತಿ ಬಿಡಣ್ಣಾ, ನಗುತ್ತಾನೆ, ಒಂದು ಸಲ ಬೈಯಬಾರದೇ ಇವನು. ಅಯ್ಯನವರ ಹತ್ತಿರ ಹೋದರೆ ತನಗೂ ಕಟ್ಟುತ್ತಾರೆ, ಮಠದ ದಾರಿ ಇರುವುದು ದೈವದವರು ಕೂರುವ ಕಟ್ಟೆಯ ಮುಂದೆಯೇ, ಅವತ್ತು ಆ ಮಾತಾಡಿದ ಬಾಯಿಂದ ಇವತ್ತು ಏನಂತ ಕೇಳುವುದು, ರಾಚಪ್ಪನಿಗೆ ಏನಂತ ಹೇಳುವುದು, ಶಿವನೇ, ನಾನು ಯಾರ ಮನೆಯ ಯಾರು ಈಗ —

ಬಿಲ್ಲು ನಿಂತಿದೆ. ಯಾವಾಗ ನಿಂತಿತೋ. ಮಂಜಿನೊಳಗಿಂದ ಜೈನುದ್ದೀನ ನಡೆದು ಬರುತ್ತಿದ್ದಾನೆ, ಗಡ್ಡದಲ್ಲಿ, ಹುಬ್ಬಿನಲ್ಲಿ ಅರಳೆಯ ಎಳೆ, ಎರಡೂ ಕೈ ಮುಂದೆ ಹಿಡಿದಿದ್ದಾನೆ, ಒಳಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಕಿವಿಗೊಟ್ಟು ದನಿ ಇಳಿಸಿದ, ಕಾಕಾ, ಗಾದಿ ತಲಿಕಡೆ ಹೊಲಿಗಿ ಬಿಚ್ಚಿತ್ತರಿ, ಇದು ಒಳಗ ಸರದಿತ್ತು, ಕೈಕಾಲು ತೊಳಕೊಂಡ ಮುಟ್ಟೇನ್ರಿ, ನಮ್ಮ ಮನಿಯಾಕಿ ಮುಮ್ತಾಜಗೂ ಹೇಳಿಲ್ಲರಿ. ಹೊಸ ಅರಳೆಯ ಹಿಡಿ, ಬೆಚ್ಚಗೆ, ಅದರ ನಡುವೆ ಆ ಗಂಟು, ಅಂಗೈಗಿಟ್ಟು ತಿರುಗಿ ನೋಡದೆ ಹೋದ. ಗುರಲಿಂಗಪ್ಪ ಕಣ್ಣಿಗೊತ್ತಿಕೊಂಡ. ಯಾರ್ರಿ ಬಂದಿದ್ರು, ಕಸ್ತೂರೆವ್ವನ ದನಿ, ಜೈನುದ್ದೀನ, ಗಾದಿ ಆಗೇತಂತ, ಇನ್ನರೆ ಒಂದೀಟು ಚಾ ಕುಡೀರಿ ಅಂದಳು, ಬ್ಯಾಡ, ಹರಕಿ ಹರಕಿನ, ತಮ್ಮ ಬರಲಿ — ಕೇಳಿಲ್ಲಿ, ಇವತ್ತ ನನ್ನ ತಾಟೂ ತಲಬಾಗಿಲಕ್ಕ ಇಡು, ಅವನ ಮಗ್ಗಲಾಗ. ಯಾಕ್ರಿ, ಚಳಿಯಾಗ? ಅಲ್ಲಿ ಗಾಳಿ ಚಲೋ ಐತಿ. ರೊಟ್ಟಿಯ ಸಪ್ಪಳ ನಿಂತಿತು, ಆಮೇಲೆ ಅವಳು ಬಂದು ತಲಬಾಗಿಲಲ್ಲಿ ಎರಡು ಮಣೆ ಹಾಕಿ ಹೋದಳು, ರಸ್ತೆಯ ಕಡೆ ಬಸ್ಸಿನ ಸದ್ದು, ಕೈಯೊಳಗೆ ಭಾರ ತಿರುಗಿ ಬಂದಿದೆ, ಆದರೂ ಕಣ್ಣ ಮುಂದೆ ಹೊಳೆಯ ದಂಡೆ, ಚಾಚಿದ ಆ ಅಂಗೈ, ಒದ್ದೆ ಅಂಗೈ, ಬೆರಳ ತುದಿಯಲ್ಲಿ ಇನ್ನೂ ಬೀಳದ ಒಂದು ಹನಿ.