ಎದೆಮಟ್ಟ ನೀರಿನಲ್ಲಿ ಕಲ್ಲುಮೀನು

ನನ್ನ ಗಂಡ ಕ್ಷೌರಿಕ. ದಿನವಿಡೀ ಕಂಡವರ ಮೀಸೆ ಬೋಳಿಸುವ ಮಹಾನುಭಾವರು ತಮ್ಮದನ್ನು ಮಾತ್ರ ಮುಟ್ಟಗೊಡುವುದಿಲ್ಲ. ಆ ಮೀಸೆಯ ದೆಸೆಯಿಂದ, ಮೂಗನ್ನೂ ಮುಚ್ಚುವ ಈಜುಗನ್ನಡಕ ಮುಖಕ್ಕೆ ಸರಿಯಾಗಿ ಕೂರದೆ ಒಳಗೆ ನೀರು ಜಿನುಗುತ್ತಿತ್ತು. ಸಮುದ್ರದಲ್ಲಿ ಮೀನು ನೋಡಲು ಬೋರಲಾಗಿ ತೇಲುತ್ತಿದ್ದವರು ಗಳಿಗೆಗೊಮ್ಮೆ ಎದ್ದು ನಿಂತು, ನೀರು ಚೆಲ್ಲಿ, ಮತ್ತೆ ಬೋರಲಾಗುತ್ತಿದ್ದರು. "ಎದೆಮಟ್ಟ ನೀರು ತಾನೇ, ನಿಂತ್ರೇನಾಯ್ತು?" ಅಂತ ವಾದ ಬೇರೆ.

ಉಸಿರಾಡುವ ನಳಿಕೆ ಕಚ್ಚಿಕೊಂಡು ಮಾತಾಡಲಾಗದು. ಅದಕ್ಕೇ ನಮ್ಮಿಬ್ಬರಲ್ಲಿ ಒಂದು ಒಪ್ಪಂದವಿತ್ತು: ಮೀನು ಕಂಡರೆ ನೀರಿಗೆ ಎರಡು ಸಲ ತಟ್ಟುವುದು, ಅಪಾಯ ಕಂಡರೆ ಮುಷ್ಟಿ ಎತ್ತುವುದು.

ನೀರಡಿಯ ಬಂಡೆಯೊಂದರ ಮಗ್ಗುಲಲ್ಲಿ ಪಾಚಿ ಹಿಡಿದ ಕಲ್ಲೊಂದಿತ್ತು. ನೋಡುತ್ತಿದ್ದಂತೆ ಅದು ಬಾಯಿ ತೆರೆದು ಮುಚ್ಚಿತು. ಕಲ್ಲುಮೀನು! ಕನ್ನಡಕ ಬಾಡಿಗೆಗೆ ಕೊಟ್ಟವನು ಬೆಳಿಗ್ಗೆಯಷ್ಟೇ ಚಿತ್ರ ತೋರಿಸಿದ್ದ. "ಬೆನ್ನ ಮೇಲೆ ವಿಷದ ಮುಳ್ಳಿರುತ್ತೆ. ಬರಿಗಾಲಲ್ಲಿ ತುಳಿದ್ರೆ ಜೀವಕ್ಕೇ ಕುತ್ತು." ಅಷ್ಟು ಗೊತ್ತಿದ್ದೂ ಸಂಭ್ರಮದಲ್ಲಿ ನನ್ನ ಬುದ್ಧಿಗೆ ಮಂಕು ಕವಿಯಿತು. ಟಪ್ ಟಪ್ ಎಂದು ತಟ್ಟಿಬಿಟ್ಟೆ.

ಅವರು ಸರಸರನೆ ಬಂದರು. ಕನ್ನಡಕದ ತುಂಬ ನೀರು. ನಾನು ಗಾಬರಿಯಿಂದ ಮುಷ್ಟಿ ಎತ್ತಿದೆ, ಯಾರು ನೋಡಬೇಕು? ಅಭ್ಯಾಸದಂತೆ ಕಾಲು ಕೆಳಗಿಳಿಸತೊಡಗಿದರು. ಅಂಗಾಲು ನೇರ ಆ ಮೀನಿನ ಬೆನ್ನ ಮೇಲೇ ಇಳಿಯುತ್ತಿತ್ತು. "ಬೇಡ!" ಎಂದು ಚೀರಿದೆ. ನಳಿಕೆಯಲ್ಲಿ ಅದು ಬರೀ ಗೊರಗೊರ ಸದ್ದಾಯಿತು. ಇನ್ನು ಗೇಣು ದೂರ. ನುಗ್ಗಿ ಎರಡೂ ಮೊಣಕಾಲು ತಬ್ಬಿ ಮೇಲಕ್ಕೆತ್ತಿದೆ. ಅವರು ತಲೆಕೆಳಗಾಗಿ ಮುಳುಗಿದರು, ನೀರು ಕುಡಿದರು, ನನ್ನ ಎದೆಗೆ ಒದ್ದರು. ನಾನು ಬಿಡಲಿಲ್ಲ. ಬರೀ ಮರಳಿದ್ದ ಕಡೆಗೆ ದರದರ ಎಳೆದುಕೊಂಡು ಹೋದೆ.

ದಡದಲ್ಲಿ ಕೆಮ್ಮು ನಿಂತದ್ದೇ ತಡ, ಕೂಗಾಡಿದರು. "ತಲೆ ಕೆಟ್ಟಿದ್ಯಾ ನಿಂಗೆ? ಕೊಂದೇಬಿಡ್ತಿದ್ದೆಯಲ್ಲೇ!"

"ನಿಮ್ಮ ಕಾಲಡಿ ಕಲ್ಲುಮೀನು ಇತ್ತು ರೀ."

ಅವರು ಮರಳಿನ ಮೇಲೆ ಕುಸಿದು ಕೂತು ಎರಡೂ ಅಂಗಾಲು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಒಂದು ಗೀರೂ ಇರಲಿಲ್ಲ.

ಅಷ್ಟಕ್ಕೇ ಸುಮ್ಮನಿದ್ದರೆ ನಾನೇ ದೊಡ್ಡವಳಾಗುತ್ತಿದ್ದೆ. ಆದರೆ ಮನಸ್ಸು ತಡೆಯಲಿಲ್ಲ.

"ಅಲ್ಲಿಗೆ ನಿಮ್ಮನ್ನ ಕರೆದಿದ್ದೂ ನಾನೇ. ಮುಷ್ಟಿ ಎತ್ತೋ ಬದಲು ತಟ್ಟಿಬಿಟ್ಟೆ."

ಬೈಯಲಿ ಎಂದು ಕಾದೆ. ಅವರು ಬೈಯಲಿಲ್ಲ.

"ತಟ್ಟಿದ್ದು ಕೇಳಿಸ್ತು, ಬಂದೆ," ಎಂದರು. "ಕಣ್ಣೇನೂ ಕಾಣ್ತಿರ್ಲಿಲ್ಲ. ನೀನು ಕರೆದ ಜಾಗ ಅಲ್ವಾ ಅಂತ ಧೈರ್ಯವಾಗಿ ಕಾಲು ಬಿಟ್ಟೆ."

ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.