ಕೊನೆಯ ಸ್ಕ್ರೂ ಮೇಲಿನ ಕೆಂಪು ಚುಕ್ಕೆ

ಫ್ಯಾನ್ ಅರಚುವ ಲ್ಯಾಪ್‌ಟಾಪ್ ತಂದವರನ್ನು ನಾನು ಮೊದಲು ಬೈಯುತ್ತೇನೆ. ಹಾಸಿಗೆಯ ಮೇಲಿಟ್ಟು ಬಳಸುತ್ತಾರೆ, ಗಾಳಿಯ ಕಿಂಡಿ ಮುಚ್ಚಿಹೋಗುತ್ತದೆ, ಒಳಗೆಲ್ಲ ಬೆಂದ ಮೇಲೆ ನನ್ನ ತಲೆಗೆ ತಂದು ಕಟ್ಟುತ್ತಾರೆ. ಆ ಮಧ್ಯಾಹ್ನ ತಂಗಿ ನನ್ನ ರಿಪೇರಿ ಅಂಗಡಿಗೆ ತಂದಾಗಲೂ ಬೈಯಲೆಂದೇ ತಲೆ ಎತ್ತಿದೆ. ಅವಳ ಎಡಗೈಯ ಎರಡು ಬೆರಳಿಗೆ ಪಟ್ಟಿ ಕಟ್ಟಿತ್ತು. ಕಿವಿಯ ಹಿಂದೆ ಹೆಬ್ಬೆರಳಗಲ ಕೂದಲು ಕಿತ್ತುಬಂದು ಬೋಳಾಗಿತ್ತು.

ಬಾಗಿಲಿಗೆ ಸಿಕ್ಕಿತು ಎಂಬ ಹಳೇ ಸುಳ್ಳನ್ನು ಅವಳು ಈ ಸಲ ಹೇಳಲಿಲ್ಲ. ಬೆರಳು ಮುರಿದವನು ಗಂಡ, ಊರಾಚೆ ಗೋಡೌನ್ ಇಟ್ಟುಕೊಂಡಿರುವ ಮಹಾಶಯ. ಅವಳು ಕದ್ದು ಟೈಪ್ ಮಾಡಿದ್ದ ಕೆಲಸದ ಅರ್ಜಿಯನ್ನು ಬಾಯಿಪಾಠ ಒಪ್ಪಿಸುತ್ತ, ಸಾಲಿಗೊಂದರಂತೆ ಹೊಡೆದನಂತೆ. ಆ ಅರ್ಜಿಯನ್ನು ಅವಳು ಯಾರಿಗೂ ತೋರಿಸಿರಲಿಲ್ಲ.

"ಅಣ್ಣಾ, ಚಿಕ್ಕೋಳಿದ್ದಾಗ ನಾನು ನಿದ್ದೇಲಿ ಮಾತಾಡ್ತಿದ್ನಾ?" ಎಂದು ಕೇಳಿದಳು. "ಇಲ್ಲಾಂದ್ರೆ ಅವ್ರಿಗೆ ಎಲ್ಲಾ ಹೇಗೆ ಗೊತ್ತಾಗುತ್ತೆ?"

ಇಲ್ಲವೆಂದೆ. ಅವಳು ದನಿ ತಗ್ಗಿಸಿ ಮುಂದಿನದನ್ನು ಹೇಳಿದಳು. ಬೇರೊಂದು ಊರಿನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟ್ ಟೈಪ್ ಮಾಡುವ ಕೆಲಸ ಸಿಕ್ಕಿದೆ. ಗೆಳತಿಯ ಫೋನಿನಿಂದ ಮಾತಾಡಿ ಗಿಟ್ಟಿಸಿಕೊಂಡದ್ದು, ಊರಿನ ಹೆಸರನ್ನು ಎಲ್ಲೂ ಬರೆದಿಲ್ಲ. ನಾಳೆ ಬೆಳಿಗ್ಗೆ ಆರರ ಬಸ್ಸು. ಹತ್ತುವಾಗ ಯಾವ ಊರೆಂದು ನನಗೊಬ್ಬನಿಗೇ ಹೇಳುತ್ತಾಳೆ. ಈ ಸಲ ಸಿಕ್ಕಿಬಿದ್ದರೆ ಅವನು ಬೆರಳಿಗೆ ನಿಲ್ಲಿಸುವುದಿಲ್ಲ, ಕೊಂದೇಬಿಡುತ್ತಾನೆ. ಇಷ್ಟೂ ಹೊತ್ತು ಆ ಲ್ಯಾಪ್‌ಟಾಪ್ ನಮ್ಮಿಬ್ಬರ ನಡುವೆ ಟೇಬಲ್ಲಿನ ಮೇಲೆ ಗೋಳಿಡುತ್ತಲೇ ಇತ್ತು.

ಕಿಂಡಿ ನೋಡಲೆಂದು ಮಗುಚಿದೆ. ಧೂಳಿರಲಿಲ್ಲ. ಕೊನೆಯ ಸ್ಕ್ರೂ ಮೇಲೆ ಕೆಂಪು ನೇಲ್ ಪಾಲಿಶಿನ ಚುಕ್ಕೆಯಿತ್ತು.

ಅದು ನನ್ನ ಗುರುತು. ನಾನು ಬಿಚ್ಚಿ ಮುಚ್ಚಿದ ಮೇಲೆ ಬೇರೆಯವರು ಕೈ ಹಾಕಿದರೆ ಗೊತ್ತಾಗಲಿ ಎಂದು ಒಂದು ಚುಕ್ಕೆ ಇಡುತ್ತೇನೆ. ಬಾಟಲಿ ತಂಗಿಯದೇ, ಮದುವೆಗೆ ಮೊದಲು ನನ್ನ ಡ್ರಾಯರಿನಲ್ಲಿ ಬಿಟ್ಟುಹೋಗಿದ್ದಳು. ಆದರೆ ಅವಳ ಲ್ಯಾಪ್‌ಟಾಪನ್ನು ನಾನು ಯಾವತ್ತೂ ಬಿಚ್ಚಿರಲಿಲ್ಲ. ಎಲ್ಲಿಂದ ಬಂತೆಂದು ಕೇಳಿದೆ. ಹೋದ ವರ್ಷ ಗಂಡ ತಂದುಕೊಟ್ಟನಂತೆ.

ಮತ್ತೆ ನೇರ ಇಟ್ಟು, ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೆರೆದೆ. ಪ್ರೊಸೆಸರ್ ನೂರಕ್ಕೆ ತೊಂಬತ್ತೇಳು. ಅದರಲ್ಲಿ ಎಂಬತ್ತನ್ನು ಒಂದೇ ಪ್ರೋಗ್ರಾಮ್ ನುಂಗುತ್ತಿತ್ತು. ಹೆಸರು 'ಫ್ಯಾನ್ ಕಂಟ್ರೋಲ್'. ಆ ಹೆಸರಿಟ್ಟವನು ನಾನು.

ಗೋಡೌನಿನ ಗುಮಾಸ್ತ ಕಳ್ಳ, ಅವನ ಮೇಲೆ ಕಣ್ಣಿಡಲು ಏನಾದರೂ ಹಾಕಿಕೊಡು ಭಾವ ಎಂದು ತಂಗಿಯ ಗಂಡ ಹಳೇ ಲ್ಯಾಪ್‌ಟಾಪೊಂದನ್ನು ತಂದು ಕೇಳಿದ್ದ. ಬಿಚ್ಚಿ ಧೂಳು ತೆಗೆದು ಮುಚ್ಚಿ, ಹಾಕಿಕೊಟ್ಟೆ. ಅರ್ಧ ಗಂಟೆಗೊಂದು ಚಿತ್ರ ತೆಗೆದು ಅವನ ಫೋನಿಗೆ ಕಳಿಸುವಂತೆ ಮಾಡಿ, ಯಾರೂ ಅಳಿಸಬಾರದೆಂದು ಈ ಹೆಸರಿಟ್ಟು, ಇಬ್ಬರೂ ನಕ್ಕಿದ್ದೆವು. ಈಗ ನೋಡಿದರೆ ಕ್ಯಾಮೆರಾ, ಮೈಕು, ಪರದೆ ಮೂರೂ ಹಗಲಿರುಳು ನಿಲ್ಲದೆ ಹೋಗುತ್ತಿದ್ದವು. ಅರ್ಧ ಗಂಟೆಗೊಂದು ಚಿತ್ರ ಸಾಲದೆ, ಅವನು ಫೋನಿನಲ್ಲೇ ಗುಂಡಿ ಒತ್ತಿ ಎಲ್ಲವನ್ನೂ ಆನ್ ಮಾಡಿಕೊಂಡಿದ್ದ. ಅದಕ್ಕೇ ಪ್ರೊಸೆಸರ್ ಏದುಸಿರು ಬಿಡುತ್ತಿತ್ತು, ಫ್ಯಾನ್ ಅರಚುತ್ತಿತ್ತು.

ಅದನ್ನು ನಿಲ್ಲಿಸಿ, ಬೇರುಸಮೇತ ಅಳಿಸಿದೆ. ಫ್ಯಾನ್ ತಣ್ಣಗಾಯಿತು. ನಿನ್ನ ಕೈಗುಣವೇ ಕೈಗುಣ ಎಂದು ತಂಗಿ ನಕ್ಕಳು. ಗಂಡ ಇದರಿಂದ ನಿನ್ನನ್ನು ನೋಡುತ್ತಿದ್ದ, ಕೇಳುತ್ತಿದ್ದ ಎಂದೆ. ನಗು ಅಲ್ಲಿಗೇ ನಿಂತಿತು.

"ಅವ್ರಿಗೆ ಒಂದು ಮೇಲ್ ಕಳಿಸೋಕೂ ಬರಲ್ಲ. ಯಾರು ಹಾಕಿಕೊಟ್ರು?"

ಗೊತ್ತಿಲ್ಲವೆಂದೆ. ಬಿದ್ದಿರದ ಸ್ಕ್ರೂಡ್ರೈವರ್ ಹುಡುಕುತ್ತ ಟೇಬಲ್ಲಿನ ಕೆಳಗೆ ಬಗ್ಗಿದೆ. ಆಗ ಹೊಳೆಯಿತು, ಆರರ ಬಸ್ಸಿನ ಮಾತನ್ನೂ ಅದು ಕೇಳಿಸಿಕೊಂಡಿದೆ. ಏಳು, ಹಿಂದಿನ ಬಾಗಿಲಿಂದ ಹೊರಡು ಎನ್ನುವಷ್ಟರಲ್ಲಿ ಮುಂದಿನ ಗಾಜಿನ ಬಾಗಿಲು ಪುಡಿಪುಡಿಯಾಗಿ ಒಳಗೆ ಬಿತ್ತು.

ನುಗ್ಗಿಬಂದ ಅವಳ ಗಂಡ ನನ್ನ ಕಡೆ ನೋಡಲೂ ಇಲ್ಲ. ತಂಗಿಯ ಕೂದಲು ಹಿಡಿದು ಮುಖವನ್ನು ಟೇಬಲ್ಲಿಗೆ ಅಪ್ಪಳಿಸಿದ. ಮತ್ತೊಮ್ಮೆ ಅಪ್ಪಳಿಸಿದ. ಎರಡನೆಯದಕ್ಕೆ ಅವಳ ಹಲ್ಲು ಮುರಿದ ಸದ್ದು ಕೇಳಿಸಿತು. ಅವಳ ಬಲಗೈ ತಡಕಾಡಿ, ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಬೆಸುಗೆಯ ಕಡ್ಡಿಯನ್ನು ಹಿಡಿಯಿತು. ಅದನ್ನು ಅವನ ಮುಂಗೈಗೆ ಒತ್ತಿದಳು, ಒತ್ತಿಯೇ ಇದ್ದಳು. ಸುಟ್ಟ ಚರ್ಮದ ವಾಸನೆ ಎದ್ದಿತು. ಅವನು ಚೀರಿ ಕೈಬಿಟ್ಟ. ನನ್ನ ಕೈಗೆ ಹಳೇ ಕಂಪ್ಯೂಟರಿನ ಪವರ್ ಸಪ್ಲೈ ಸಿಕ್ಕಿತು, ಎರಡು ಕೆಜಿ ತೂಗುವ ಕಬ್ಬಿಣದ ಡಬ್ಬಿ. ಅದರಿಂದ ಭುಜಕ್ಕೆ ಬಾರಿಸಿದೆ, ಮೂಳೆ ಲಟಕ್ಕೆಂದಿತು. ಅವನು ಗಾಜಿನ ಚೂರುಗಳ ಮೇಲೆ ಅಂಗಾತ ಬಿದ್ದ.

ಬಿದ್ದಲ್ಲಿಂದಲೇ ನಕ್ಕ.

"ಅದನ್ನ ಹಾಕಿಕೊಟ್ಟೋನು ಯಾರು ಅಂತ ಕೇಳೇ ನಿಮ್ಮಣ್ಣನ್ನ."

ಮತ್ತೆ ಹೊಡೆದೆ. ಮೂಗು ಒಡೆಯಿತು, ತುಟಿ ಸೀಳಿತು. ಮೊದಲ ಏಟು ತಂಗಿಗಾಗಿ. ಇವು ಅವನ ಬಾಯಿ ಮುಚ್ಚಿಸಲಿಕ್ಕೆ. ಎಷ್ಟು ಹೊಡೆದೆನೋ ಲೆಕ್ಕವಿಲ್ಲ, ತಂಗಿ ಹಿಂದಿನಿಂದ ಅಂಗಿ ಹಿಡಿದು ಎಳೆದಳು. ಅವನು ಬಾಯಲ್ಲಿ ರಕ್ತದ ಗುಳ್ಳೆ ಬಿಡುತ್ತ ಉಸಿರಾಡುತ್ತಿದ್ದ, ಏಳುವ ಸ್ಥಿತಿಯಲ್ಲಿರಲಿಲ್ಲ.

"ಹೌದಾ ಅಣ್ಣಾ?"

ಗೋಡೌನಿನ ಗುಮಾಸ್ತನಿಗೆಂದು ಕೇಳಿದ್ದ, ನಿನಗೆಂದು ನನಗೆ ಗೊತ್ತಿರಲಿಲ್ಲ ಎಂದೆ.

"ಗುಮಾಸ್ತ ಆದ್ರೆ ಪರವಾಗಿಲ್ಲ ಅಂತ ಹಾಕಿದ್ಯಾ?"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಡ್ರಾಯರ್ ಎಳೆದು ತನ್ನ ನೇಲ್ ಪಾಲಿಶಿನ ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಪೂರ್ತಿ ಅಳಿಸಿದ್ದೇನೆ, ಈಗ ಭಯವಿಲ್ಲ, ತಗೊಂಡು ಹೋಗು ಎಂದು ಬೇಡಿಕೊಂಡೆ. ಬೇಡವೆಂದು ತಲೆಯಾಡಿಸಿದಳು. ಆರರ ತನಕ ಕಾಯುವುದಿಲ್ಲ, ಈಗಲೇ ಹೊರಡುತ್ತೇನೆ ಎಂದಳು.

ಹಿಂದಿನ ಬಾಗಿಲ ತನಕ ಹೋದೆ. ಊರು ಯಾವುದೆಂದು ಕೇಳಿದೆ. ನನ್ನ ಕೈಯಲ್ಲಿ ಇನ್ನೂ ಇದ್ದ ಡಬ್ಬಿಯನ್ನು ನೋಡಿದಳು, ಮುಖ ನೋಡಿದಳು, ಹೇಳದೆ ಹೋದಳು.